ಥರ್ಮಾಮೀಟರಿನಲ್ಲಿ ಬರೆದರೆ ನೀರು ಕಾಯುವುದೇ?

ಸಂಖ್ಯಾಶಾಸ್ತ್ರ ಓದುವ ಮಕ್ಕಳ ಬಾಯಲ್ಲಿ ‘ಆರ್’ ಎಂಬ ಒಂದಕ್ಷರದ ಕಂಪ್ಯೂಟರ್ ಭಾಷೆಯ ಹೆಸರು ಆಗಾಗ ಕೇಳಿಬರುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. 1976ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ‘ಎಸ್’ ಭಾಷೆಯೇ ಇದಕ್ಕೆ ಮಾದರಿ. ಕಾಸು ಕೊಡದೆ ಯಾರು ಬೇಕಾದರೂ ಬಳಸಬಹುದಾದ್ದರಿಂದ ನನ್ನಂಥ ಹೈಸ್ಕೂಲು ಮೇಷ್ಟ್ರಿಗೂ ಅದರ ಪರಿಚಯವಾಯಿತು.

ಇದರಲ್ಲಿ ಒಂದು ಹೆಸರಿಗೆ ಬೆಲೆ ಕೊಡಲು ಎಡಕ್ಕೆ ಮುಖ ಮಾಡಿದ ಬಾಣದ ಗುರುತು ಹಾಕುತ್ತಾರೆ. ‘ಕ <- ಖ <- 0’ ಎಂದು ಬರೆದರೆ ಸೊನ್ನೆ ಮೊದಲು ‘ಖ’ಕ್ಕೆ, ಅನಂತರ ‘ಕ’ಕ್ಕೆ ಸೇರುತ್ತದೆ. ಆಮೇಲೆ ‘ಖ’ವನ್ನು 7 ಮಾಡಿದರೂ ‘ಕ’ ಸೊನ್ನೆಯಾಗಿಯೇ ಉಳಿಯುತ್ತದೆ. ಇಷ್ಟು ಸುಲಭ. ತೊಡಕಿರುವುದು ಮುಂದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ಅವಳನ್ನು ತಂದೆ ಮನೆಗೆ ಕರೆತಂದರು. “ಮೇಷ್ಟ್ರೇ, ಇವಳಿಗೆ ಕಂಪ್ಯೂಟರ್ ತಲೆಗೆ ಹತ್ತುತ್ತಿಲ್ಲವಂತೆ. ಕಾಲೇಜು ಬಿಡಿಸಿಬಿಡೋಣವೇ?” ಎಂದರು. “ಏನಮ್ಮ ಕಷ್ಟ?” ಎಂದೆ. ಅವಳು ನೋಟ್‌ಬುಕ್ಕಿನ ಒಂದು ಸಾಲು ತೋರಿಸಿದಳು. ಅಂಕಗಳ ಪಟ್ಟಿಯಲ್ಲಿರುವ ವಿಷಯಗಳ ಹೆಸರನ್ನು ಓದಿ ಹೇಳುವ ‘ನೇಮ್ಸ್’ ಎಂಬ ಫಂಕ್ಷನ್, ಬಾಣದ ಎಡಗಡೆ ಕುಳಿತಿತ್ತು. “ಸಾರ್, ಫಂಕ್ಷನ್ ಉತ್ತರ ಕೊಡುತ್ತದೆ. ಉತ್ತರದೊಳಕ್ಕೆ ಬೆಲೆ ತುಂಬುವುದು ಹೇಗೆ? ಥರ್ಮಾಮೀಟರಿನಲ್ಲಿ 40 ಎಂದು ಬರೆದರೆ ನೀರು ಕಾಯುತ್ತದೆಯೇ?”

ನಾನು ತಂದೆಯತ್ತ ತಿರುಗಿ, “ಇದು ದಡ್ಡರು ಕೇಳುವ ಪ್ರಶ್ನೆಯಲ್ಲ ಸ್ವಾಮಿ” ಎಂದೆ.

ಒಳಗೆ ನಡೆಯುವುದಿಷ್ಟು: ‘ನೇಮ್ಸ್’ಗೆ ಬಾಣದ ಗುರುತೇ ಅಂಟಿಕೊಂಡ ಹೆಸರಿನ ಇನ್ನೊಂದು ಫಂಕ್ಷನ್ ಇದೆ. ಮೊದಲನೆಯದು ಹೆಸರನ್ನು ಓದುತ್ತದೆ. ಎರಡನೆಯದು ಹಳೆಯ ಪಟ್ಟಿಯನ್ನೂ ಹೊಸ ಹೆಸರುಗಳನ್ನೂ ತೆಗೆದುಕೊಂಡು ತಿದ್ದಿದ ಪಟ್ಟಿಯನ್ನು ಕೊಡುತ್ತದೆ. ‘ಆರ್’ ಆ ಪಟ್ಟಿಯನ್ನು ಹಳೆಯ ಹೆಸರಿಗೇ ಕಟ್ಟುತ್ತದೆ. ಮೊದಲೇ ಪಟ್ಟಿಯನ್ನು ಬೇರೊಂದು ಹೆಸರಿಗೂ ಕೊಟ್ಟಿದ್ದರೆ ಅಲ್ಲಿ ಹಳೆಯದು ಹಾಗೆಯೇ ಇರುತ್ತದೆ. ಓದಲು ಥರ್ಮಾಮೀಟರ್, ಕಾಯಿಸಲು ಒಲೆ. ನೋಡುವವರಿಗೆ ಮಾತ್ರ ಎರಡೂ ಒಂದೇ ಎಂದು ತೋರುತ್ತದೆ.

“ಹಾಗಾದರೆ ಸರಾಸರಿಯನ್ನೂ ಬಾಣದ ಎಡಗಡೆ ಇಟ್ಟು 50 ಮಾಡಬಹುದೇ ಸಾರ್?” ಎಂದಳು. “ನೀನೇ ಮಾಡಿ ನೋಡಮ್ಮ” ಎಂದೆ. ಸರಾಸರಿ ಹೇಳುವ ‘ಮೀನ್’ಗೆ ಅಂಥ ಬಾಣದ ಜೊತೆಗಾರ ಭಾಷೆಯಲ್ಲಿಲ್ಲ. ಅಂಥ ಫಂಕ್ಷನ್ ಸಿಗಲಿಲ್ಲ ಎಂದು ಕಂಪ್ಯೂಟರ್ ತಪ್ಪು ತೋರಿಸಿತು. ಅವಳು ನಕ್ಕಳು. ಆ ವರ್ಷ ಕಾಲೇಜು ಬಿಡಲಿಲ್ಲ, ಪದವಿ ಮುಗಿಸಿದಳು.

ವಿದ್ಯಾರ್ಥಿಗಳೇ, ಒಂದು ಸಾಲು ಅರ್ಥವಾಗದೆ ನಿಂತಿರಾದರೆ ನಾಚಬೇಡಿ. ಅದರೊಳಗೆ ಏನಾಗುತ್ತಿದೆ ಎಂದು ಕೇಳಿ. ತಂದೆತಾಯಂದಿರೇ, ಅಂಕಪಟ್ಟಿಯ ಕೊನೆಯ ಸಾಲು ಥರ್ಮಾಮೀಟರ್ ಇದ್ದಂತೆ. ಅದನ್ನು ಏರಿಸು ಎಂದು ಗದರಿದರೆ ಏರುವುದಿಲ್ಲ. ಒಲೆ ಹಚ್ಚುವ ಕೆಲಸ ಬೇರೆಯೇ ಇದೆ.