ಬುತ್ತಿಯ ಕೆಳಗಿನ ಸ್ಟೆಪ್ನಿ

ಟೀವಿ ಜಾಹೀರಾತಿನ ಜೀಪುಗಳು ಹೊಳೆ ದಾಟುತ್ತವೆ, ಗುಡ್ಡ ಏರುತ್ತವೆ, ತುದಿಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ಸೊಲ್ಲಾಪುರ, ಅಕ್ಕಲಕೋಟದ ಕಡೆಯವರು ಅದೇ ಸಾಹಸವನ್ನು ಸಜ್ಜಿ ರೊಟ್ಟಿ ಕಟ್ಟಿಕೊಂಡು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮಾಡುತ್ತಾರೆ. ಫೋಟೊ ಯಾರೂ ತೆಗೆಯುವುದಿಲ್ಲ, ಅಷ್ಟೆ.

ನಂಬಿಕೆ ಇಲ್ಲದಿದ್ದರೆ ಎಳ್ಳಮವಾಸ್ಯೆಗೆ ಬರ್ರಿ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರು. ಸ್ವಾಮಿ ಸಮರ್ಥರ ದರ್ಶನಕ್ಕೆ ಹೋಗುವವರಿಗೆ ಅದು ಬರೀ ಡಾಂಬರು ರಸ್ತೆ. ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಲು ಹೊರಟವರು ಮಾತ್ರ ನಡುವೆ ಎಲ್ಲೋ ಎಡಕ್ಕೋ ಬಲಕ್ಕೋ ಇಳಿಯುತ್ತಾರೆ. ಅಲ್ಲಿಂದ ಮುಂದೆ ದಾರಿ ಅಂದರೆ ಎರಿ ಮಣ್ಣಿನಲ್ಲಿ ಟ್ರ್ಯಾಕ್ಟರ್ ಕೊರೆದ ಎರಡು ಗೆರೆ, ನಡುವೆ ಹುಲ್ಲು, ಬದುವಿನ ಗುಂಟ ಜಾಲಿ. ಗಡಿ ತಂಟೆ ಬಿಡಿಸಲು ಕೂತ ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕರ್ನಾಟಕಕ್ಕೆ ಸೇರಲಿ ಎಂದಿತು, ಸೇರಲಿಲ್ಲ. ಬಳ್ಳಾರಿ ಜಾಲಿ ಯಾವ ಆಯೋಗಕ್ಕೂ ಕಾಯದೆ ಗಡಿಯ ಎರಡೂ ಕಡೆ ಬೇರು ಬಿಟ್ಟಿತು. ಅದರ ಮುಳ್ಳಿಗೆ ಎಂಎಚ್ ನಂಬರಾದರೂ ಒಂದೇ, ಕೆಎ ನಂಬರಾದರೂ ಒಂದೇ.

ಆದರೂ ಜಾಲಿಮುಳ್ಳು ಮರ್ಯಾದಸ್ಥ. ಟ್ಯೂಬ್‌ಲೆಸ್ ಟೈರಿಗೆ ನಟ್ಟರೂ ತಾನೇ ಬೆಣೆಯಾಗಿ ಕೂತು ಗಾಳಿಯನ್ನು ತಡೆದು ಬಿಡುತ್ತದೆ. ಪಕ್ಕದ ಹೊಲದಿಂದ ಬಂದ ಕಾಕಾ ಹೇಳುವುದೂ ಅದನ್ನೇ: "ಮುಳ್ಳ ಕೀಳಬ್ಯಾಡೋ ತಮ್ಮಾ, ಹಂಗ ಇರ್ಲಿ. ಪಂಕ್ಚರ್ ಅಂಗಡಿ ತನಕಾ ಸಾವಕಾಶ ಹೋಗು." ನಿಜವಾದ ವೈರಿ ತೊಗರಿ ಕೂಳೆ. ಕುಡಗೋಲಿನಿಂದ ಓರೆಯಾಗಿ ಕೊಯ್ದ ತೊಗರಿಯ ಬುಡ ಒಣಗಿದ ಮೇಲೆ ನೆಲದಲ್ಲಿ ಹುಗಿದ ಈಟಿಯ ಮೊನೆ. ಕಾರು ತಿರುಗಿಸಲು ಒಂದು ಸಲ ಹಿಂದೆ ಸರಿದರೆ ಸಾಕು, ಅದು ಟೈರಿನ ಪಕ್ಕೆಯನ್ನೇ ಸೀಳುತ್ತದೆ. ಪಕ್ಕೆ ಸೀಳಿದ ಟೈರಿಗೆ ಪಂಕ್ಚರ್ ಬತ್ತಿ ನಿಲ್ಲುವುದಿಲ್ಲ.

ಇದು ದಿಲ್ಲಿಗೆ ತಿಳಿದಂತಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ಸಾಧನ, ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಜಾಗ ಬೇಕಲ್ಲ! ತೊಗರಿ ಹೊಲದಲ್ಲಿ ಆ ಸಾಧನ ಗಾಳಿ ಹೋಯಿತು ಎಂದು ಚೊಕ್ಕವಾಗಿ ತಿಳಿಸುತ್ತದೆ. ಕಿಟ್ಟು ಕೈಯಲ್ಲಿ ಹಿಡಿದುಕೊಂಡು ನಿಲ್ಲಲು ಬರುತ್ತದೆ.

ಸ್ಟೆಪ್ನಿ ಇದ್ದವರ ಕಥೆ ಬೇರೆ. ಅದು ಇರುವುದು ಡಿಕ್ಕಿಯ ತಳದಲ್ಲಿ. ಅದರ ಮೇಲೆ ಜಮಖಾನೆ, ಜಮಖಾನೆಯ ಮೇಲೆ ರೊಟ್ಟಿ ಬುಟ್ಟಿ, ಭಜ್ಜಿಯ ಪಾತೇಲಿ, ಶೇಂಗಾ ಹೋಳಿಗೆಯ ಡಬ್ಬಿ, ತುಳುಕದಂತೆ ಬಾಯಿಗೆ ಬಟ್ಟೆ ಕಟ್ಟಿದ ಅಂಬಲಿ ಗಡಿಗೆ. ಭೂಮಿತಾಯಿಯ ನೈವೇದ್ಯವೆಲ್ಲ ದಾರಿಯಲ್ಲೇ ಇಳಿದ ಮೇಲೆ ಸ್ಟೆಪ್ನಿಯ ಮುಖದರ್ಶನ. ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುತ್ತದೆ. ಓಡದ ಟೈರು ಗಾಳಿ ಕಳೆದುಕೊಳ್ಳುವುದಿಲ್ಲ ಎಂದು ನಾವು ನಂಬಿದ್ದೇವೆ, ಟೈರು ನಂಬಿಲ್ಲ. ಅದರ ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ ಜಾತಕವಿದ್ದಂತೆ: 2314 ಎಂದಿದ್ದರೆ ಹುಟ್ಟಿದ್ದು 2014ರ 23ನೇ ವಾರ. ಒಮ್ಮೆಯೂ ನೆಲ ಮುಟ್ಟದೆ ಮುದುಕಾದ ಟೈರುಗಳು ಊರ ತುಂಬ ಇವೆ. ಗಾಡಿಯ ಹೊಟ್ಟೆಯ ಕೆಳಗೆ ಸ್ಟೆಪ್ನಿ ತೂಗುಹಾಕಿದ್ದರೆ ಇನ್ನೊಂದು ಫಜೀತಿ. ಮಳೆಗಾಲದ ಎರಿ ಸರಪಳಿಗೆ ಮೆತ್ತಿ ಒಣಗಿ, ಕೊಕ್ಕೆ ಜಂಗು ತಿಂದು, ಪಾನಾ ತಿರುಗಿಸಿದರೆ ಟೈರಿನ ಬದಲು ತೋಳು ಇಳಿಯುತ್ತದೆ.

ಮುಂದೆ ಜ್ಯಾಕಿನ ಸರದಿ. ಎರಿ ಭೂಮಿಯಲ್ಲಿ ಕಾರು ಮೇಲೆ ಏಳುವುದಿಲ್ಲ, ಜ್ಯಾಕೇ ಕೆಳಗೆ ಇಳಿಯುತ್ತದೆ. ಕೆಳಗೊಂದು ಅಗಲ ಹಲಗೆ ಇಡಬೇಕು, ಉಳಿದ ಗಾಲಿಗೆ ಕಲ್ಲು ಕೊಡಬೇಕು, ನಟ್ಟುಗಳನ್ನು ಗಾಲಿ ನೆಲದ ಮೇಲಿದ್ದಾಗಲೇ ಸಡಿಲಿಸಬೇಕು, ಬಿಗಿಯುವಾಗ ಎದುರುಬದುರಾಗಿ ಬಿಗಿಯಬೇಕು. ಸುತ್ತ ನಿಂತವರೆಲ್ಲರಿಗೂ ಇದು ಗೊತ್ತು, ಎಲ್ಲರೂ ಒಟ್ಟಿಗೇ ಹೇಳುತ್ತಾರೆ. ಹಲಗೆ ತರಲು ಹೋಗುವವನು ಮಾತ್ರ ಒಬ್ಬನೇ.

ಹಳೆಯ ಬಂಡಿಗೆ ಈ ಉಸಾಬರಿ ಇರಲಿಲ್ಲ ಎನ್ನುವ ಅಜ್ಜಂದಿರಿದ್ದಾರೆ. ಮರದ ಗಾಲಿ, ಕಬ್ಬಿಣದ ಪಟ್ಟಿ, ಎಂಥ ಮುಳ್ಳಾದರೂ ಅದೇ ಪುಡಿ. ಒಪ್ಪೋಣ. ಆದರೆ ಕಬ್ಬಿನ ಹಂಗಾಮಿನಲ್ಲಿ ಅದೇ ಅಜ್ಜನ ಎತ್ತು ಎಳೆಯುವುದು ಟೈರ್ ಬಂಡಿಯನ್ನು. ಒಮ್ಮೆ ಟೈರಿನ ಸುಖ ಕಂಡ ಹೆಗಲು ಮತ್ತೆ ಮರದ ಗಾಲಿ ಬೇಡುವುದಿಲ್ಲ.

ಹಾಗಾಗಿ ತಕರಾರು ಟೈರಿನ ಮೇಲಲ್ಲ, ನಮ್ಮ ಪಂಕ್ತಿಭೇದದ ಮೇಲೆ. ಖಂಡೇಪೂಜೆಯ ದಿನ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಹಾರ, ಸ್ಟೇರಿಂಗಿಗೂ ಕುಂಕುಮ. ಐದನೆಯ ಗಾಲಿಯನ್ನು ಯಾರೂ ಕರೆಯುವುದಿಲ್ಲ. ಈ ವರ್ಷ ಅದಕ್ಕೂ ನಿಂಬೆಹಣ್ಣು ಇಡಿ ಎನ್ನುತ್ತಿಲ್ಲ. ಡಿಕ್ಕಿ ತೆಗೆದು ಹವಾ ಹಾಕಿಸಿದರೆ ಅದೇ ಪೂಜೆ.