ಬಜಗೋಳಿಯಾಚೆ ಒಂದು ಬಸಳೆ ಚಪ್ಪರ

ಕಾರ್ಕಳದಲ್ಲಿ ಧರ್ಮಸ್ಥಳದ ಬಸ್ಸು ಹತ್ತಿ ಬಜಗೋಳಿ ದಾಟಿದರೆ ಎಡಗಡೆಗೆ ಕುದುರೆಮುಖದ ಬೆಟ್ಟಸಾಲು ಜೊತೆಗೇ ಬರತೊಡಗುತ್ತದೆ. ಜನವರಿಯಲ್ಲಿ ಹೋದರೆ ಇನ್ನೂ ಚಂದ. ಬೆಳಗಿನ ಮಂಜು, ಅಂಗಳ ಅಂಗಳಗಳಲ್ಲಿ ಒಣಹಾಕಿದ ಅಡಿಕೆ. ಮುಖ್ಯ ರಸ್ತೆಯಲ್ಲಿ ಇಳಿದು, ತೋಟದ ಬದಿಯ ದಾರಿಯಲ್ಲಿ ಒಂದು ಕಿಲೋಮೀಟರು ನಡೆದರೆ ನಾನು ನಾಲ್ಕನೆಯವರೆಗೆ ಕಲಿತ ಸರಕಾರಿ ಶಾಲೆ ಸಿಗುತ್ತದೆ. ಅದೇ ಹಂಚಿನ ಮಾಡು, ಅದೇ ಧ್ವಜಕಟ್ಟೆ. ಈಗ ಒಂದರಿಂದ ಏಳರವರೆಗೆ 68 ಮಕ್ಕಳಿದ್ದಾರೆ.

ಮುಂಬಯಿಯ ನಮ್ಮ ಹಳೆ ವಿದ್ಯಾರ್ಥಿಗಳ ಸಂಘದವರು ಶಾಲೆಗೆ ಒಂದು ಸ್ವಾಗತ ಗೋಪುರ ಕಟ್ಟಿಸಬೇಕೆಂದು ಹೊರಟಿದ್ದಾರೆ. ದಾನಿಗಳ ಹೆಸರು ಕೆತ್ತಿದ ಕಪ್ಪು ಗ್ರಾನೈಟು, ಮೇಲೆ ಸರಸ್ವತಿ. ಇಂಥ ಗೋಪುರಗಳನ್ನು ನೀವೂ ನೋಡಿರುತ್ತೀರಿ, ರಶೀದಿ ಪುಸ್ತಕ ನಿಮ್ಮ ಮನೆಗೂ ಬಂದಿರುತ್ತದೆ. ಊರಿಗೆ ಹೋಗುವವನು ನಾನೊಬ್ಬನೇ ಆದ್ದರಿಂದ ಜಾಗ ಅಳೆದು ಬರುವ ಕೆಲಸ ನನ್ನ ಪಾಲಿಗೆ ಬಂತು.

ಟೇಪು ಹಿಡಿದು ಗೇಟಿನ ಹತ್ತಿರ ನಿಂತವನನ್ನು ಮುಖ್ಯ ಶಿಕ್ಷಕಿ ಶಾಲೆಯ ಹಿಂಬದಿಗೆ ಕರೆದುಕೊಂಡು ಹೋದರು. "ಅಳತೆ ಆಮೇಲೆ ಮಾಡುವ, ಮೊದಲು ನಮ್ಮ ತೋಟ ನೋಡಿ ಮಾರಾಯ್ರೇ."

ನಮ್ಮ ಕಾಲದಲ್ಲಿ ಅಲ್ಲಿ ಬರೀ ಲಂಟಾನ ಪೊದೆ. ಮಧ್ಯಾಹ್ನಕ್ಕೆ ಕೇರ್ ಸಂಸ್ಥೆಯವರು ಅಮೆರಿಕದಿಂದ ಕಳಿಸುತ್ತಿದ್ದ ಗೋಧಿಯ ಉಪ್ಪಿಟ್ಟು. ಅದರಲ್ಲಿ ಒಂದು ಕರಿಬೇವಿನ ಎಲೆ ಸಿಕ್ಕಿದರೆ ಪುಣ್ಯ. ಈಗ ಅಲ್ಲಿ ಅಡಿಕೆ ಸಲಿಕೆಯ ಬಸಳೆ ಚಪ್ಪರ ನಿಂತಿದೆ. ಅದರಾಚೆ ಅಲಸಂಡೆ, ಊರ ಬೆಂಡೆ, ಕೆಂಪು ಹರಿವೆ, ತೊಂಡೆ. ಮಕ್ಕಳು ತಟ್ಟೆ ತೊಳೆದ ನೀರು ಪೈಪಿನಲ್ಲಿ ನೇರ ಬಾಳೆಬುಡಕ್ಕೆ ಹೋಗುತ್ತದೆ. ನಾಲ್ಕು ಪಪ್ಪಾಯಿ ಗಿಡ, ಒಂದು ಪೇರಳೆ. ಮೂಲೆಯಲ್ಲಿ ಒಂದು ಸಾಲು ಮಾತ್ರ ನನಗೆ ಗುರುತು ಹತ್ತಲಿಲ್ಲ.

"ಅದು ಪುಂಡಿ. ನಮ್ಮ ಕಡೆಯದ್ದಲ್ಲ" ಅಂದರು ಟೀಚರ್. ಕೆಂಪುಕಲ್ಲಿನ ಕ್ವಾರಿ ಕೆಲಸಕ್ಕೆ ಬಾಗಲಕೋಟೆ, ಕೊಪ್ಪಳದಿಂದ ಬಂದ ಕುಟುಂಬಗಳ ಮಕ್ಕಳು ಈ ಶಾಲೆಯಲ್ಲಿ ಹನ್ನೊಂದು ಮಂದಿ ಇದ್ದಾರೆ. ಐದನೆಯ ಹುಡುಗಿಯೊಬ್ಬಳ ತಾಯಿ ಊರಿಂದ ಬೀಜ ತರಿಸಿ ಕೊಟ್ಟರಂತೆ. ಮೊದಲ ಸಲ ಪುಂಡಿಪಲ್ಯ ಮಾಡಿದಾಗ ನಮ್ಮೂರ ಮಕ್ಕಳು ಹುಳಿ ಎಂದು ಮುಖ ಸಿಂಡರಿಸಿದರು. ಈಗ ಕೇಳಿ ಹಾಕಿಸಿಕೊಳ್ಳುತ್ತಾರೆ. ಡೊಂಬಿವಲಿಯ ಬಾಲ್ಕನಿಯ ಡಬ್ಬದಲ್ಲಿ ಬಸಳೆ ಹಬ್ಬಿಸುವ ನಮಗೆ ಆ ತಾಯಿಯ ಮನಸ್ಸು ಬೇರೆ ಹೇಳಿಕೊಡಬೇಕಾಗಿಲ್ಲ.

ನೋಡಲು ಇದೆಲ್ಲ ಹವ್ಯಾಸದ ಹಾಗೆ ಕಾಣುತ್ತದೆ. ಆದರೆ ಅಲ್ಲಿ ಲೆಕ್ಕ ಬೇರೆಯೇ ಇದೆ. ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ನಿಯಮದ ಪ್ರಕಾರ ಐದನೆಯವರೆಗಿನ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಅದಕ್ಕೆ ಮೇಲಿನವರಿಗೆ 75 ಗ್ರಾಂ. ಈ ಶಾಲೆಯಲ್ಲಿ 42 ಚಿಕ್ಕವರು, 26 ದೊಡ್ಡವರು. ದಿನಕ್ಕೆ ನಾಲ್ಕು ಕಿಲೋ ಚಿಲ್ಲರೆ ಆಯಿತು. ಅಕ್ಕಿ ಸರಕಾರದ್ದು ಬರುತ್ತದೆ. ಉಳಿದ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸಿಗೆಲ್ಲ ಸೇರಿ ಕೇಂದ್ರ 2025ರ ಮೇಯಲ್ಲಿ ನಿಗದಿ ಮಾಡಿದ ಕನಿಷ್ಠ ದರ ಚಿಕ್ಕ ಮಗುವಿಗೆ 6 ರೂಪಾಯಿ 78 ಪೈಸೆ, ದೊಡ್ಡ ಮಗುವಿಗೆ 10 ರೂಪಾಯಿ 17 ಪೈಸೆ. ಠಾಣೆ ಸ್ಟೇಷನ್ ಹೊರಗೆ ಕುಡಿಯುವ ಕಟಿಂಗ್ ಚಹಾ ನೆನಪು ಮಾಡಿಕೊಳ್ಳಿ.

ಕರಾವಳಿಗೆ ತರಕಾರಿ ಬರುವುದು ಹೆಚ್ಚಾಗಿ ಘಟ್ಟದ ಮೇಲಿಂದ. ಬೀನ್ಸಿನ ಬೆಲೆ ಏರಿತು ಅಂದರೆ ಸಾಂಬಾರಿನಲ್ಲಿ ಮೊದಲು ಕಡಿಮೆಯಾಗುವುದು ಬೀನ್ಸೇ. ಅಡುಗೆಯ ಅಕ್ಕ ಇದನ್ನು ಇನ್ನೂ ಸರಳವಾಗಿ ಹೇಳಿದರು: "ಬೇಳೆ ಕಡಿಮೆ ಮಾಡಿದರೆ ಸಾರು ನೀರಾಗಿ ಎಲ್ಲರಿಗೂ ಗೊತ್ತಾಗ್ತದೆ. ತರಕಾರಿ ಕಡಿಮೆ ಮಾಡಿದರೆ ಯಾರೂ ಕೇಳುವುದಿಲ್ಲ."

ಅಕ್ಕ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಮೊದಲು ಚಪ್ಪರದ ಕೆಳಗೆ ನಿಲ್ಲುತ್ತಾರೆ. ಆಮೇಲೆ ಅಂದಿನ ಅಡುಗೆ ತೀರ್ಮಾನ. ಹರಿವೆ ಕೊಯ್ದ ಒಂದು ಗಂಟೆಯೊಳಗೆ ಪಾತ್ರೆಗೆ ಬೀಳುತ್ತದೆ. ದೊಡ್ಡ ನಗರಗಳಲ್ಲಿ ಬೆಳಗ್ಗಿನ ಜಾವ ಒಂದೇ ಕಡೆ ಬೇಯಿಸಿ ಗಾಡಿಯಲ್ಲಿ ಹತ್ತಾರು ಶಾಲೆಗೆ ಸಾಗಿಸುವ ಊಟದಲ್ಲಿ ಸೊಪ್ಪಿಗೆ ಈ ಭಾಗ್ಯ ಇಲ್ಲ. ಬಾಳೆದಿಂಡನ್ನು ಅಕ್ಕ ಎಷ್ಟು ಸಣ್ಣಗೆ ಹೆಚ್ಚುತ್ತಾರೆಂದರೆ, ಬೇಡ ಅನ್ನುವ ಮಗುವಿಗೆ ಹೆಕ್ಕಿ ಬದಿಗಿಡಲು ಆಗಬಾರದು! ನಾನು ಹೋದ ದಿನ ಅಲಸಂಡೆ ಪಲ್ಯ, ಸೌತೆಯ ಸಾಂಬಾರು. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. 2024ರಿಂದ ಅದು ವಾರದ ಆರು ದಿನಕ್ಕೆ ವಿಸ್ತರಿಸಿದೆ. ಹಣ್ಣಾದ ಪಪ್ಪಾಯಿ ಸಿಕ್ಕಿದ ದಿನ ಎಲ್ಲರಿಗೂ ಒಂದೊಂದು ಹೋಳು. ಮೊಟ್ಟೆಯೋ ಬಾಳೆಹಣ್ಣೋ ಎಂಬ ವಾದ ಪೇಪರಿನಲ್ಲಿ ಆದಷ್ಟು ಆ ಜಗಲಿಯಲ್ಲಿ ಆಗುವುದಿಲ್ಲ ಅನ್ನುವುದನ್ನು ಕಣ್ಣಾರೆ ಕಂಡೆ.

ತೋಟ ಸಾಲದಿದ್ದಾಗ ಊರವರಿದ್ದಾರೆ. ದೇವಸ್ಥಾನದ ಜಾತ್ರೆಗೆ ಹೊರೆಕಾಣಿಕೆ ಕೊಡುವ ಊರಲ್ಲವೇ ನಮ್ಮದು! ತಿಂಗಳ ಮೊದಲ ಸೋಮವಾರ ಶಾಲೆಗೂ ಹೊರೆಕಾಣಿಕೆ. ಒಬ್ಬರು ಕುಂಬಳ, ಒಬ್ಬರು ತೆಂಗಿನಕಾಯಿ, ಇನ್ನೊಬ್ಬರು ಒಂದು ಕಟ್ಟು ನುಗ್ಗೆಸೊಪ್ಪು ಇಟ್ಟು ಹೋಗುತ್ತಾರೆ. ಜಗಲಿಯ ಬೋರ್ಡಿನಲ್ಲಿ ಮಕ್ಕಳು ಹೆಸರು ಬರೆಯುತ್ತಾರೆ, ಮರುದಿನ ಅಳಿಸುತ್ತಾರೆ.

ಕಷ್ಟ ಇರುವುದು ಎರಡು ಕಡೆ. ಒಂದು, ಮಂಗ ಮತ್ತು ನವಿಲು. ಕಾಡಿನ ಬುಡದ ಶಾಲೆ, ಮೊಳಕೆ ಬಂದರೆ ನವಿಲು ಹೆಕ್ಕುತ್ತದೆ, ಕಾಯಿ ಬಿಟ್ಟರೆ ಮಂಗ ಕೀಳುತ್ತದೆ. ಎರಡನೆಯದು ಬೇಸಿಗೆ ರಜೆ. ಏಪ್ರಿಲಿನಲ್ಲಿ ಬಾಗಿಲು ಹಾಕಿದರೆ ಮೇ ಕೊನೆಯವರೆಗೆ ನೀರು ಹಾಕುವವರಿಲ್ಲ. ಕಳೆದ ವರ್ಷ ಪೇರಳೆಯೊಂದು ಬಿಟ್ಟು ಉಳಿದದ್ದೆಲ್ಲ ಒಣಗಿತು. ಈ ವರ್ಷ ಕಂಡದ್ದೆಲ್ಲ ಜೂನಿನ ನಂತರ ಮತ್ತೆ ನೆಟ್ಟದ್ದು. 2019ರಲ್ಲಿ ಕೇಂದ್ರ ಸರಕಾರ ಶಾಲಾ ಪೌಷ್ಟಿಕ ತೋಟಗಳಿಗೆ ಮಾರ್ಗಸೂಚಿ ಹೊರಡಿಸಿದೆ ನಿಜ. ಮಾರ್ಗಸೂಚಿ ಬಂದು ಮೇ ತಿಂಗಳಲ್ಲಿ ಕೊಡಪಾನ ಹಿಡಿಯುವುದಿಲ್ಲವಲ್ಲ.

ಟೀಚರ್ ಒಂದು ಚೀಟಿ ಬರೆದು ಕೊಟ್ಟರು. ಬೇಲಿಗೆ ತಂತಿ, ಮೇಲೆ ಹೊದಿಸಲು ಬಲೆ, ಇನ್ನೂರು ಅಡಿ ಪೈಪು, ರಜೆಯಲ್ಲಿ ನೀರು ಹಾಕುವವರಿಗೆ ಎರಡು ತಿಂಗಳ ಕೂಲಿ. ಒಟ್ಟು ಗೋಪುರದ ಗ್ರಾನೈಟಿನ ಖರ್ಚಿಗಿಂತ ಕಡಿಮೆ.

ಸಂಘದ ಸಭೆಯಲ್ಲಿ ಚೀಟಿ ಓದಿದೆ. "ಬಲೆಯ ಮೇಲೆ ಹೆಸರು ಬರೆಯುವುದು ಎಲ್ಲಿ?" ಎಂದು ಹಿರಿಯರೊಬ್ಬರು ತಮಾಷೆ ಮಾಡಿದರು, ಅರ್ಧ ತಮಾಷೆ. ಗೋಪುರ ಆಗಿಯೇ ಆಗುತ್ತದೆ, ಅದಕ್ಕೆ ದಾನಿಗಳು ಸಿಕ್ಕಿಯಾಗಿದೆ. ಪೈಪು ಮತ್ತು ಕೂಲಿಯನ್ನು ಸಾಕಿನಾಕಾದ ಇಬ್ಬರು ಹೊಟೇಲಿನವರು ವಹಿಸಿಕೊಂಡರು. ತಂತಿ, ಬಲೆಗೆ ಇನ್ನೂ ಸ್ವಲ್ಪ ಹಣ ಸೇರಬೇಕು. ಮೇ ಮುಗಿಯುವ ಮೊದಲು ಬೇಲಿಯ ಕಂಬ ನೆಡಬೇಕಂತೆ. ಮಳೆ ಹಿಡಿದರೆ ಆ ಕೆಂಪುಮಣ್ಣಿನಲ್ಲಿ ಹೊಂಡದ ತುಂಬ ನೀರು, ಕಂಬ ನಿಲ್ಲುವುದಿಲ್ಲ.