ಸರ್ವರ್ ಇಲ್ಲ

ನಾನು ಹುಡುಗನಾಗಿದ್ದಾಗ ‘ಸರ್ವರ್’ ಎಂದರೆ ಹೋಟೆಲಿನಲ್ಲಿ ಕಾಫಿ ತಂದುಕೊಡುವವನು. ಶಬ್ದಗಳು ಅರ್ಥ ಬದಲಿಸುವುದು ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೇನೂ ಹೊಸದಲ್ಲ. ನಮ್ಮ ಚಿಕ್ಕಮ್ಮನಿಗೆ ಮಾತ್ರ ಹೊಸದು. ತಾಲ್ಲೂಕು ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದಾಗ ಚೀಟಿ ಕೊಡುವ ಹುಡುಗಿ, “ಸರ್ವರ್ ಇಲ್ಲ ಸಾರ್, ಸ್ವಲ್ಪ ಕಾಯ್ಬೇಕು” ಎಂದಳು. “ಪಾಪ, ತಿಂಡಿಗೆ ಹೋಗಿರಬೇಕು, ಬರಲಿ ಬಿಡಮ್ಮ” ಎಂದು ಚಿಕ್ಕಮ್ಮ ಬೆಂಚಿನ ಮೇಲೆ ಕುಳಿತೇಬಿಟ್ಟರು.

ಕಾಯುವವನಿಗೆ ನೋಡುವುದೇ ಕೆಲಸ. ಗಣಕಯಂತ್ರದ ಪರದೆಯ ಅಂಚಿಗೆ ಒಂದು ಹಳದಿ ಕಾಗದ. ಅದರ ಮೇಲೆ ದಪ್ಪಕ್ಷರದಲ್ಲಿ ಪಾಸ್‌ವರ್ಡು. ಬಾಗಿಲಿಗೆ ಬೀಗ ಜಡಿದು ಬೀಗದಕೈಯನ್ನು ತುಳಸಿಕಟ್ಟೆಯ ಗೂಡಿನಲ್ಲಿಟ್ಟು ಊರಿಗೆ ಹೋಗುವವರ ಹಾಗೆ! ನಗು ಬಂತು, ಆದರೆ ನಗಲಿಲ್ಲ. ಮೂವರು ಸರದಿಯ ಮೇಲೆ ಕೂರುವ ಒಂದೇ ಯಂತ್ರ. ಎದುರಿಗೆ ನಲವತ್ತು ಜನರ ಸಾಲು. ಅದರಲ್ಲೊಬ್ಬ ಮುದುಕನಿಗೆ ಮೇಲುಸಿರು. ಅಂಥ ಹೊತ್ತಿನಲ್ಲಿ ಗುಟ್ಟಿನ ಅಕ್ಷರಗಳನ್ನು ನೆನಪಿಸಿಕೊಳ್ಳುತ್ತ ಕೂರುವವಳಿಗಿಂತ ಕಾಗದ ಅಂಟಿಸಿಕೊಂಡವಳೇ ಮೇಲು.

ಇದಕ್ಕಿಂತ ಹಳೆಯ ರಿಜಿಸ್ಟರೇ ವಾಸಿ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಚಿಕ್ಕಮ್ಮನಿಗೆ ಪೆನಿಸಿಲಿನ್ ಆಗದು. ಒಮ್ಮೆ ಮೈಯೆಲ್ಲ ಬಾತು ಬದುಕಿ ಉಳಿದದ್ದೇ ಹೆಚ್ಚು. ಕೇಳಿದರೆ “ಯಾವುದೋ ಬಿಳಿ ಇಂಜೆಕ್ಷನ್ನು” ಎನ್ನುತ್ತಾರೆ. ಅದರ ಹೆಸರು ಬಲ್ಲದ್ದು ಆ ಯಂತ್ರ. ಆದುದರಿಂದಲೇ ಅದರ ಕ್ಷೇಮ ನನಗೆ ಬೇಕು.

ಈ ಕಾಲದ ಕಳ್ಳ ಗೋಡೆಗೆ ಕನ್ನ ಹಾಕುವುದಿಲ್ಲ. ಯಾವ ದೇಶದಲ್ಲೋ ಕುಳಿತು ನಮ್ಮ ದಾಖಲೆಗಳಿಗೆ ತನ್ನದೊಂದು ಬೀಗ ಹಾಕಿ, ತೆಗೆಯಬೇಕಾದರೆ ಹಣ ಇಡಿ ಎನ್ನುತ್ತಾನೆ. ಹಳದಿ ಕಾಗದ ಅವನಿಗೆ ಕಾಣದು, ನಿಜ. ಆದರೆ ಎಲ್ಲರೂ ಬಳಸಿ ಯಾರೂ ಬದಲಿಸದ ಪಾಸ್‌ವರ್ಡು ಅವನಿಗೂ ಅನುಕೂಲವೇ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಗೆ ಇಂಥ ಬೀಗ ಬಿತ್ತು. ಐದು ಸರ್ವರುಗಳು ಸಿಕ್ಕಿಕೊಂಡವು. ಸುಮಾರು ಎರಡು ವಾರ ಅಷ್ಟು ದೊಡ್ಡ ಆಸ್ಪತ್ರೆ ಕೈಬರಹದಲ್ಲಿ ನಡೆಯಿತು. ಒಳಗಿನ ಜಾಲವನ್ನು ಸರಿಯಾಗಿ ವಿಂಗಡಿಸಿರಲಿಲ್ಲವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಮುಂಬಾಗಿಲು ದಾಟಿದವನಿಗೆ ಒಳಕೋಣೆಗಳಿಗೆ ಬಾಗಿಲೇ ಇರಲಿಲ್ಲವೆಂದು ಅದರ ಅರ್ಥ. ಪುಣ್ಯಕ್ಕೆ, ಬೇರೆಡೆ ಉಳಿಸಿಟ್ಟಿದ್ದ ಪ್ರತಿ ಕೈಹಿಡಿಯಿತು.

ಏಮ್ಸ್ ಬಿದ್ದರೆ ಎತ್ತಲು ದೆಹಲಿಯೇ ಓಡಿಬರುತ್ತದೆ. ಸಣ್ಣದು ಬಿದ್ದರೆ? ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸ್ಪ್ರಿಂಗ್ ವ್ಯಾಲಿ ಎಂಬ ಪುಟ್ಟ ಊರು. ಅಲ್ಲಿನ ಸೇಂಟ್ ಮಾರ್ಗರೆಟ್ಸ್ ಆಸ್ಪತ್ರೆಯ ಮೇಲೆ 2021ರಲ್ಲಿ ಇಂಥದೇ ದಾಳಿಯಾಗಿ, ತಿಂಗಳುಗಟ್ಟಲೆ ವಿಮೆಯ ಬಿಲ್ಲುಗಳನ್ನು ಕಳಿಸಲಾಗಲಿಲ್ಲ. ಬೇರೆ ಕಷ್ಟಗಳೂ ಸೇರಿಕೊಂಡು 2023ರ ಜೂನಿನಲ್ಲಿ ಅದು ಬಾಗಿಲು ಮುಚ್ಚಿತು. ಮರುವರ್ಷ ಅಮೆರಿಕದ ಸರ್ಕಾರ ಮೈಕ್ರೋಸಾಫ್ಟ್, ಗೂಗಲ್ ಕಂಪನಿಗಳನ್ನು ಒಪ್ಪಿಸಿ, ಹಳ್ಳಿಗಾಡಿನ ಆಸ್ಪತ್ರೆಗಳಿಗೆ ರಕ್ಷಣೆಯ ನೆರವು ಅಗ್ಗವಾಗಿ, ಕೆಲವು ಪುಕ್ಕಟೆಯಾಗಿ, ಸಿಗುವ ಏರ್ಪಾಡು ಮಾಡಿತು.

ನಮ್ಮ ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ಇಂಥ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲಿನಲ್ಲಿ ಆದೇಶವಾಗಿದೆ. ಒಳ್ಳೆಯ ನಿಯಮ, ದೊಡ್ಡ ಆಸ್ಪತ್ರೆಗೂ ಅದೇ, ಸಣ್ಣದಕ್ಕೂ ಅದೇ. ಆದರೆ ಗಮನಕ್ಕೆ ಬರಬೇಕಲ್ಲ! ಸರ್ವರ್ ಇಲ್ಲದಿರುವುದು ತಾಲ್ಲೂಕಿನವರಾದ ನಮಗೆ ಕರೆಂಟು ಹೋದಷ್ಟೇ ಸಹಜ. ತಂತಿ ಕಿತ್ತಿತೋ, ಕಳ್ಳ ಬಂದನೋ ಎಂದು ಹೇಳಬಲ್ಲವರು ಯಾರು? ಚೀಟಿ ಕೊಡುವ ಹುಡುಗಿಯೇ? ಔಷಧದ ಕಿಟಕಿಯವರೇ? ಹೊರಗೆ ನೂರು ರೋಗಿಗಳನ್ನಿಟ್ಟುಕೊಂಡಿರುವ ಡಾಕ್ಟರೇ?

ನಾನು ಕೇಳುವುದು ಮತ್ತೊಂದು ಸುತ್ತೋಲೆಯನ್ನಲ್ಲ, ಒಬ್ಬ ಮನುಷ್ಯನನ್ನು. ಕರೆಂಟು ಹೋದರೆ ಲೈನ್‌ಮನ್ ಬರುತ್ತಾನಲ್ಲ, ಹಾಗೆ ನಾಲ್ಕು ತಾಲ್ಲೂಕಿಗೊಬ್ಬ ತಿಳಿದವನು. ಫೋನು ಮಾಡಿದರೆ ಬೈಕು ಹತ್ತಿ ಬರುವವನು. ಆ ಹುದ್ದೆಗೆ ಎಷ್ಟು ಉದ್ದದ ಹೆಸರನ್ನಾದರೂ ಸರ್ಕಾರ ಇಟ್ಟುಕೊಳ್ಳಲಿ, ಸಂಬಳವನ್ನು ಮಾತ್ರ ತಿಂಗಳು ತಿಂಗಳು ಕೊಡಲಿ.